ಪುಟ್ಟಿ ಓಡಲಿ ಬೇಬಿ, ಹೊಸ ಶೂ ಮಾತ್ರ ಬೇಡ

ಬೇಬಿ, ನಿನ್ನ ಮೆಸೇಜ್ ಬೆಳಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಮಗಳು ಪುಟ್ಟಿ ಸಿಡ್ನಿಯಲ್ಲಿ ಆಫೀಸಿನವರ ಜೊತೆ ಸಿಟಿ ಟು ಸರ್ಫ್ ಓಟಕ್ಕೆ ಹೆಸರು ಕೊಟ್ಟಿದ್ದಾಳೆ, 14 ಕಿಲೋಮೀಟರ್ ಅಂತೆ, ಬಸ್ ಹೊರಟರೂ ಓಡದ ಹುಡುಗಿ, ಏನಾದರೂ ಆದರೆ ಆ ಊರಲ್ಲಿ ಯಾರಿದ್ದಾರೆ ಅಕ್ಕ, ಅಂತ ಕೇಳಿದ್ದೀಯ. ನಮ್ಮ ಮನೆಯವರ ಗ್ರೂಪಿನಲ್ಲಿ ಮಿಕ್ಕವರೆಲ್ಲ ಕೈ ಮುಗಿಯೋ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ನಾನು ಹೇಳುತ್ತೇನೆ ಕೇಳು.

ಏನೂ ಆಗುವುದಿಲ್ಲ. ಅದೇನು ಒಲಿಂಪಿಕ್ಸ್ ಅಲ್ಲ. 1971ರಲ್ಲಿ ಶುರುವಾದ ಓಟ, ಸಾವಿರಾರು ಜನ ಬರುತ್ತಾರೆ. ನಮ್ಮೂರ ಮಜ್ಜಾ ರನ್‌ನಲ್ಲಿ ಬರುವ ಹಾಗೆ ವೇಷ ಹಾಕಿಕೊಂಡು ಬರುವವರೂ ಇರುತ್ತಾರೆ. ನಡೆಯುವವರಂತೂ ಬೇಕಾದಷ್ಟು. ನಿಮ್ಮ ಭಾವನ ಕೆಲಸ ಅಲ್ಲಿದ್ದಾಗ ನಾನೂ ಹೋಗಿದ್ದೆನಲ್ಲ, ಎಲ್ಲರಿಗೂ ಗೊತ್ತು.

ಆದರೆ ಬೇಬಿ, ಹೊಸ ಶೂ ಬೇಡ. ಕಾಲುಂಗುರ ಕಳಚಿಡಲಿ. ಇದನ್ನು ಬರೆದಿಟ್ಟುಕೋ.

ನನ್ನ ಹಳೇ ಶೂ ಚೆನ್ನಾಗಿಯೇ ಇತ್ತು. ಲಾಲ್‌ಬಾಗಿನಲ್ಲಿ ದಿನಾ ಹಾಕಿಕೊಂಡು ನಡೆದು ಕಾಲಿಗೆ ಒಗ್ಗಿದ್ದ ಶೂ. ನಿಮ್ಮ ಭಾವನಿಗೆ ನಾಚಿಕೆ, ನಾಲ್ಕು ಜನರ ಮುಂದೆ ಇದೇನು ಅಂತ. ಓಟದ ಹಿಂದಿನ ದಿನ ಸೇಲ್‌ನಲ್ಲಿ ಒಂದು ಜೊತೆ ತಂದರು. ಬಿಗಿ ಆಗ್ತಿದೆ ಅಂದೆ. ಹಾಕಿದರೆ ಸಡಿಲ ಆಗುತ್ತದೆ ಅಂದರು. ಅಂಗಡಿ ಹುಡುಗ ಹಾಗೆ ಹೇಳಿದನಂತೆ, ಅವನ ಮಾತೇ ವೇದವಾಕ್ಯ.

ಹೈಡ್ ಪಾರ್ಕ್ ಹತ್ತಿರ ಹೊರಟಾಗ ಏನೂ ಗೊತ್ತಾಗಲಿಲ್ಲ. ಆಗಸ್ಟ್ ಅಂದರೆ ಅಲ್ಲಿ ಚಳಿಗಾಲ, ಕಾಲು ಮರಗಟ್ಟಿದ ಹಾಗೇ ಇತ್ತು. ರೋಸ್ ಬೇ ದಾಟಿದ ಮೇಲೆ ಹಾರ್ಟ್‌ಬ್ರೇಕ್ ಹಿಲ್ ಅಂತ ಒಂದು ಏರು ಬರುತ್ತದೆ. ಎಲ್ಲರೂ ಅದರ ಹೆಸರು ಹೇಳಿಯೇ ಹೆದರಿಸುತ್ತಾರೆ. ಸುಳ್ಳು ಕಣೆ, ಏರು ಏನೂ ಮಾಡಲ್ಲ, ನಿಧಾನ ಹತ್ತಿದರಾಯಿತು. ಕಷ್ಟ ಇರುವುದು ಆಮೇಲೆ ಬೋಂಡೈ ಕಡೆಗೆ ಇಳಿಯುವಾಗ. ಹೆಜ್ಜೆ ಇಟ್ಟಾಗಲೆಲ್ಲ ಬೆರಳು ಮುಂದೆ ಜಾರಿ ಶೂ ತುದಿಗೆ ಬಡಿಯುತ್ತದೆ. ಬಿಗಿ ಶೂ ಒಳಗೆ ಕಾಲುಂಗುರ ಒಂದು ಕಡೆ ತಿರುಗಿಕೊಂಡು ಪಕ್ಕದ ಬೆರಳನ್ನು ಕೊರೆಯುತ್ತಿತ್ತು. ಸಮುದ್ರ ಕಂಡಿತು ಅಂತ ಎಲ್ಲ ಕೂಗುತ್ತಿದ್ದಾರೆ, ನನಗೆ ಕಣ್ಣಲ್ಲಿ ನೀರು. ಕೊನೆಯಲ್ಲಿ ಶೂ ಬಿಚ್ಚಿದರೆ ಸಾಕ್ಸ್ ಬೆರಳಿಗೆ ಅಂಟಿಕೊಂಡಿದೆ, ಉಗುರು ಕಪ್ಪು. ಬೆರಳು ಊದಿ ಕಾಲುಂಗುರ ಅಲ್ಲಾಡುತ್ತಿಲ್ಲ. ಫಸ್ಟ್ ಏಡ್ ಹುಡುಗಿ ಪಾಪ, ಸಾರಿ ಸಾರಿ ಅನ್ನುತ್ತಲೇ ಅದರ ಬಾಯಿ ಅಗಲಿಸಲು ಹೋದಳು. ಪಟ್ ಅಂತ ಎರಡು ತುಂಡು. ಅದು ಗಾಂಧಿಬಜಾರಿನಲ್ಲಿ ಅಮ್ಮ ಕೊಡಿಸಿದ್ದು.

ಉಗುರು ಬಿತ್ತು, ಬರುವುದಕ್ಕೆ ತಿಂಗಳುಗಟ್ಟಲೆ ಆಯಿತು. ಅಷ್ಟರಲ್ಲಿ ಅಣ್ಣನ ಮಗನ ಮದುವೆ. ಟಿಕೆಟ್ ತೆಗೆದುಕೊಂಡು ಅಷ್ಟು ದೂರದಿಂದ ಬಂದೆ. ಬಸವನಗುಡಿ ಛತ್ರದಲ್ಲಿ, ಅಷ್ಟು ಜನರ ಮುಂದೆ, ಅತ್ತಿಗೆ ನನ್ನ ಕಾಲು ನೋಡಿ ಏನಂದರು? "ಫಾರಿನ್‌ಗೆ ಹೋದ ಮೇಲೆ ಕಾಲುಂಗುರವೂ ಬೇಡ ಆಯ್ತಾ?" ಅಂತ. ಅತ್ತಿಗೆ, ನೀವೂ ಈ ಗ್ರೂಪಿನಲ್ಲಿದ್ದೀರಿ, ಕೇಳಿಸಿಕೊಳ್ಳಿ. ಬೆರಳಿಗೆ ಬ್ಯಾಂಡೇಜ್ ಇತ್ತು. ಅದು ನಿಮಗೆ ಕಾಣಲಿಲ್ಲ. ಆರತಿಗೆ ನನ್ನನ್ನು ಕರೆಯಲಿಲ್ಲ, ನಿಮ್ಮ ತಂಗಿ ಎತ್ತಿದರು. ಹುಡುಗನಿಗೆ ಸ್ವಂತ ಸೋದರತ್ತೆ ನಾನು! ಅಣ್ಣ ಅಲ್ಲೇ ನಿಂತಿದ್ದ. ಒಂದು ಮಾತಾಡದೆ ಹೋಳಿಗೆ ಬಂತಾ ನೋಡ್ತೀನಿ ಅಂತ ಒಳಗೆ ಹೋದ. ನಾನು ಇವತ್ತಿನವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಬಿಡು.

ಅದಕ್ಕೇ ಹೇಳಿದ್ದು, ಹೊಸ ಶೂ ಬೇಡ, ಕಾಲುಂಗುರ ಕಳಚಿಡಲಿ. ಮದುವೆಯಾಗಿ ವರ್ಷ ಆಗಿಲ್ಲ, ತೆಗೆಯಬಾರದು ಅಂತ ನೀನೇ ಹೇಳಿ ಕಳಿಸಿರುತ್ತೀಯ, ನನಗೆ ಗೊತ್ತಿಲ್ವಾ. ಬೆಳಗ್ಗೆ ತೆಗೆದು ಮಧ್ಯಾಹ್ನ ಹಾಕಿಕೊಂಡರೆ ಅಳಿಯಂದಿರಿಗೆ ಏನೂ ಆಗುವುದಿಲ್ಲ.

ಅಯ್ಯೋ, ನೀನು ಕೇಳಿದ್ದಕ್ಕೇ ಉತ್ತರ ಹೇಳಲಿಲ್ಲ ನೋಡು. ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ ಕೊಡುತ್ತಾರಲ್ಲ, ಬಿಬ್ ಅಂತಾರೆ. ಅದರ ಹಿಂದೆ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಯಾವ ಮಾತ್ರೆ ತೆಗೆದುಕೊಳ್ಳುತ್ತಾಳೆ, ಯಾವುದು ಅಲರ್ಜಿ ಅಂತ ಬರೆಯಬೇಕು. ನಿನ್ನ ನಂಬರ್ ಬರೆಸಬೇಡ ಬೇಬಿ. ಜಯನಗರದಲ್ಲಿ ಕೂತು ನೀನೇನು ಮಾಡುತ್ತೀಯ? ಅಳಿಯಂದಿರದು ಬರೆಯಲಿ. ಅವರೂ ಓಡುವುದಾದರೆ, ಅಲ್ಲೇ ಮನೆಯಲ್ಲಿರುವ ಸ್ನೇಹಿತರದು ಬರೆಯಲಿ. ಇನ್ನೊಂದು, ಪುಟ್ಟಿ, ಅಳಿಯಂದಿರು ವರ್ಕ್ ವೀಸಾದಲ್ಲಿರುವವರು, ಹಾಗಿರುವ ನಮ್ಮವರಿಗೆ ಅಲ್ಲಿ ಮೆಡಿಕೇರ್, ಅಂದರೆ ಅಲ್ಲಿನ ಸರ್ಕಾರದ ಆರೋಗ್ಯ ವಿಮೆ, ಇರುವುದಿಲ್ಲ. ಆಂಬುಲೆನ್ಸ್ ಕೂಡ ಪುಕ್ಕಟೆ ಅಲ್ಲ, ಬಿಲ್ ಬರುತ್ತದೆ. ಇನ್ಶೂರೆನ್ಸ್‌ನಲ್ಲಿ ಆಂಬುಲೆನ್ಸ್ ಸೇರಿದೆಯಾ ಅಂತ ಈಗಲೇ ನೋಡಿಕೊಳ್ಳಲಿ. ಕಾರ್ಡ್ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಲಿ. ತುರ್ತು ನಂಬರ್ ಅಲ್ಲಿ 000. ಚಳಿಗೆ ಒಂದು ಹಳೇ ಸ್ವೆಟರ್ ಹಾಕಿಕೊಂಡು ಹೋಗಲಿ, ಹೊರಡುವಾಗ ಬಿಸಾಕಿದರೂ ಬೇಜಾರಾಗಬಾರದು, ಅಂಥದ್ದು. ಸುಸ್ತಾದರೆ ನಡೆಯಲಿ, ಯಾರೂ ಏನೂ ಅನ್ನುವುದಿಲ್ಲ.

ನೀನು ಮಾತ್ರ ಆವತ್ತು ರಾತ್ರಿಯೆಲ್ಲ ಎದ್ದು ಕೂತು ಫೋನ್ ಮಾಡಬೇಡ. ಅಲ್ಲಿ ಬೆಳಗ್ಗೆ 8 ಗಂಟೆ ಅಂದರೆ ನಮಗೆ 3:30. ಮಲಗು. ಹಾಲು ಬರುವ ಹೊತ್ತಿಗೆ ಅವಳೇ ಫೋಟೋ ಕಳಿಸುತ್ತಾಳೆ.