ಊಟ, ಸಿನಿಮಾ ಎರಡಕ್ಕೂ ಒಂದೇ ಡೈರಿ ಸಾಕಾ?

ಪ್ರಶ್ನೆ: ದಿನಾ ಏನು ತಿಂದೆ, ಯಾವ ಸಿನಿಮಾ ನೋಡಿದೆ ಅಂತ ರಾತ್ರಿ ಬರೆದಿಡುತ್ತೇನೆ. ಸಿನಿಮಾ ಬಗ್ಗೆ ಪುಟಗಟ್ಟಲೆ ಬರುತ್ತದೆ. ಊಟಕ್ಕೆ ಬಂದರೆ ‘ಚೆನ್ನಾಗಿತ್ತು’, ಅಷ್ಟೇ. ನೀವು ಹೇಗೆ ಬರೆಯುತ್ತೀರಿ?

ಉತ್ತರ 1: ‘ಚೆನ್ನಾಗಿತ್ತು’ ಅನ್ನೋದನ್ನೇ ಬಿಟ್ಟುಬಿಡಿ. ಪಕ್ಕದಲ್ಲಿ ಯಾರು ಕೂತಿದ್ದರು, ಎರಡನೇ ಸಲ ಏನು ಹಾಕಿಸಿಕೊಂಡಿರಿ, ಅದನ್ನು ಬರೆಯಿರಿ. ನನ್ನ ಹಳೇ ಪುಟವೊಂದರಲ್ಲಿ ‘ಉಪ್ಪು ಜಾಸ್ತಿ, ಅಣ್ಣ ತುಟಿಪಿಟಕ್ಕೆನ್ನದೆ ತಿಂದ’ ಅಂತಿದೆ. ಈಗಲೂ ನಗು ಬರುತ್ತದೆ. ಅವನು ಸುಮ್ಮನಿರೋ ಆಸಾಮಿನೇ ಅಲ್ಲ!

ಉತ್ತರ 2: ಒಂದೇ ಡೈರಿ ಧಾರಾಳ ಸಾಕು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಸರ್ಕಾರಿ ಅಧಿಕಾರಿ 1660ರಿಂದ 1669ರವರೆಗೆ ಊಟ, ನಾಟಕ, ಆಫೀಸಿನ ಜಗಳ ಎಲ್ಲ ಒಂದರಲ್ಲೇ ಬರೆದ. ಕಣ್ಣು ಹೋಗುತ್ತದೆ ಅನ್ನೋ ಭಯಕ್ಕೆ ನಿಲ್ಲಿಸಿದ. ಸಿನಿಮಾಗೆ ಸ್ಟಾರ್ ಮಾತ್ರ ಕೊಡಬೇಡಿ, ಇಷ್ಟವಾದ ಒಂದು ದೃಶ್ಯ ಬರೆಯಿರಿ.

ಪ್ರಶ್ನೆ ಕೇಳಿದವರು: ಸ್ಟಾರ್ ಬಿಡೋದು ಕಷ್ಟ ಕಣ್ರೀ. ಊಟಕ್ಕೂ ಕೊಡೋಣ ಅಂತಿದ್ದೆ!