ಬಾಲ ನಿಲ್ಲುತ್ತಿಲ್ಲ: ಹೆಲಿಕಾಪ್ಟರ್ ಮಾದರಿಗೆ ಗೈರೊ ಹೊಂದಿಸಿದವರ ಅನುಭವ

ಕೇಳಿದವರು:

450 ಗಾತ್ರದ ಎಲೆಕ್ಟ್ರಿಕ್ ಹೆಲಿಕಾಪ್ಟರ್ ಮಾದರಿಯೊಂದನ್ನು ಜೋಡಿಸಿದ್ದೇನೆ. ಬಾಲಕ್ಕೆ ಫುಟಾಬಾ ಜಿವೈ401 ಗೈರೊ (ಮಾದರಿ ತಿರುಗುವುದನ್ನು ಗ್ರಹಿಸಿ ತಿದ್ದುವ ಸಾಧನ) ಮತ್ತು ಎಸ್9257 ಸರ್ವೊ (ಗೈರೊ ಹೇಳಿದಂತೆ ತೋಳು ತಿರುಗಿಸುವ ಪುಟ್ಟ ಮೋಟರ್). ಇವೆರಡನ್ನೂ ಟ್ರಾನ್ಸ್‌ಮಿಟರ್ ಸಮೇತ ಹಿರಿಯ ಸ್ನೇಹಿತರೊಬ್ಬರು ಕೊಟ್ಟರು. ಹೆಡಿಂಗ್ ಹೋಲ್ಡ್‌ನಲ್ಲಿ (ಗೈರೊ ಮೂತಿಯ ದಿಕ್ಕನ್ನು ಹಿಡಿದಿಡುವ ಮೋಡ್) ಹಾರಿಸಿದರೆ ನೆಲ ಬಿಟ್ಟೊಡನೆ ಮೂತಿ ನಿಧಾನವಾಗಿ ಬಲಕ್ಕೆ ಸರಿಯುತ್ತದೆ. ಗೇನ್ (ಗೈರೊ ಎಷ್ಟು ಜೋರಾಗಿ ತಿದ್ದಬೇಕೆಂಬ ಅಂಕಿ) ಏರಿಸಿದರೆ ಬಾಲ ನೀರಿನಿಂದ ತೆಗೆದ ಮೀನಿನ ಹಾಗೆ ಪಟಪಟನೆ ಅಲ್ಲಾಡುತ್ತದೆ. ಗೈರೊ ಕೆಟ್ಟಿರಬಹುದೇ? ಹೊಸದು ತರಿಸುವ ಮೊದಲು ಬಲ್ಲವರು ತಿಳಿಸಿ.

ಮೊದಲ ಉತ್ತರ:

ದಯವಿಟ್ಟು ಈಗಲೇ ದುಡ್ಡು ಸುರಿಯಬೇಡಿ. ಬಾಲ ಅಲ್ಲಾಡುತ್ತದೆ ಎಂದು ನಾನೂ ಹಿಂದೊಮ್ಮೆ ಹೊಸ ಗೈರೊ ಕೊಂಡಿದ್ದೆ. ಅದನ್ನು ಕೂರಿಸಿದ ಮೇಲೂ ಅಲ್ಲಾಟ ಹಾಗೆಯೇ ಇತ್ತು. ದೋಷವಿದ್ದದ್ದು ಸ್ಲೈಡರ್‌ನಲ್ಲಿ, ಅಂದರೆ ಬಾಲದ ಬ್ಲೇಡ್‌ಗಳ ಕೋನ ಬದಲಿಸಲು ಶಾಫ್ಟ್ ಮೇಲೆ ಜಾರುವ ತುಂಡಿನಲ್ಲಿ. ಸರ್ವೊವನ್ನು ಸ್ಲೈಡರ್‌ಗೆ ಜೋಡಿಸುವ ಕಡ್ಡಿಯನ್ನು ಸರ್ವೊ ಕಡೆಯಿಂದ ಕಳಚಿ ಬೆರಳಿನಿಂದ ತಳ್ಳಿ ನೋಡಿದೆ. ಮಧ್ಯದ ಹತ್ತಿರ ಒಂದು ಜಾಗದಲ್ಲಿ ಮಾತ್ರ ಕೂದಲೆಳೆಯಷ್ಟು ತಡೆದು, ಆಮೇಲೆ ಟಕ್ಕೆಂದು ಜಾರುತ್ತಿತ್ತು. ಗೈರೊ ಕೇಳುವುದು ತೀರಾ ಸಣ್ಣ ತಿದ್ದುಪಡಿ. ಸ್ಲೈಡರ್ ಅಷ್ಟಕ್ಕೆ ಕದಲುವುದಿಲ್ಲ. ಗೈರೊ ಇನ್ನಷ್ಟು ಒತ್ತಿದಾಗ ಬೇಕಾದುದಕ್ಕಿಂತ ಹೆಚ್ಚು ಜಾರುತ್ತದೆ, ಮತ್ತೆ ಹಿಂದಕ್ಕೆ ಎಳೆಯಬೇಕಾಗುತ್ತದೆ. ನಿಮಗೆ ಕಾಣುತ್ತಿರುವುದು ಈ ಜಗ್ಗಾಟವೂ ಆಗಿರಬಹುದು. ಕಡ್ಡಿ ಕಳಚಿದ ಸ್ಥಿತಿಯಲ್ಲಿ ಮಾದರಿಯನ್ನು ಓರೆ ಹಿಡಿದರೆ ಸ್ಲೈಡರ್ ಹೆಚ್ಚುಕಡಿಮೆ ತನ್ನ ಭಾರಕ್ಕೇ ಸರಿಯಬೇಕು. ಶಾಫ್ಟ್ ಒರೆಸಿ, ಒಂದು ಹನಿ ತೆಳು ಎಣ್ಣೆ ಬಿಡಿ. ಬಾಲ್ ಲಿಂಕ್ (ಕಡ್ಡಿಯ ತುದಿಯ ಗುಂಡು ಕೀಲು) ಬಿಗಿಯಿದ್ದರೆ ಇಕ್ಕಳದಿಂದ ಮೆಲ್ಲಗೆ ಅದುಮಿ ಸಡಿಲಿಸಿ.

ಸರ್ವೊ ತೋಳಿನ ಯಾವ ರಂಧ್ರದಲ್ಲಿ ಬಾಲ್ ಕೂರಿಸಿದ್ದೀರಿ ಎಂಬುದೂ ಮುಖ್ಯ. ಹೊರಗಿನ ರಂಧ್ರದಲ್ಲಿದ್ದರೆ ಸರ್ವೊ ಸ್ವಲ್ಪ ತಿರುಗಿದರೂ ಸ್ಲೈಡರ್ ಬಹಳ ಓಡುತ್ತದೆ. ಆಗ ಗೇನ್ ಅಂಕಿ ಎಷ್ಟೇ ಕಡಿಮೆಯಿದ್ದರೂ ಅದು ಹೆಚ್ಚೇ.

ಬಲಕ್ಕೆ ಸರಿಯುವ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನೀವು ಹೇಳಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ‘ಬಲ’ವೇ. ನಿಮ್ಮ ಮುಖ್ಯ ರೋಟರ್ ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ ತಿರುಗುವಂಥದ್ದಾದರೆ, ಅದರ ಟಾರ್ಕ್ (ತಿರುಚುವ ಶಕ್ತಿ) ಮೂತಿಯನ್ನು ತಳ್ಳುವುದು ಎಡಕ್ಕೆ. ಬಾಲದ ಶಕ್ತಿ ಸಾಲದೆ ಹೋಗಿದ್ದರೆ ಮೂತಿ ಎಡಕ್ಕೆ ಹೋಗಬೇಕಿತ್ತು. ಬಲಕ್ಕೆ ಹೋಗುತ್ತಿದೆ ಎಂದರೆ ಯಾರೋ ‘ಬಲಕ್ಕೆ ತಿರುಗು’ ಎಂದು ಗೈರೊಗೆ ಹೇಳುತ್ತಿದ್ದಾರೆ. ಟ್ರಾನ್ಸ್‌ಮಿಟರ್‌ನಲ್ಲಿ ರೆವಲ್ಯೂಷನ್ ಮಿಕ್ಸ್ ಆನ್ ಇದೆಯೇ ನೋಡಿ. ಹಿಂದಿನ ಕಾಲದ ಗೈರೊಗಳಿಗೆ ಅದು ಬೇಕಿತ್ತು: ಥ್ರಾಟಲ್ ಏರಿಸಿದಂತೆ ಹೆಚ್ಚುವ ಟಾರ್ಕ್‌ಗೆ ಸರಿಯಾಗಿ ರಡ್ಡರ್ (ಮೂತಿ ತಿರುಗಿಸುವ ಸಂಕೇತ) ಕೊಡುತ್ತಿತ್ತು. ಹೆಡಿಂಗ್ ಹೋಲ್ಡ್ ಗೈರೊ ರಡ್ಡರ್ ಸಂಕೇತವನ್ನು ಓದುವುದು ‘ಇಷ್ಟು ವೇಗದಲ್ಲಿ ತಿರುಗು’ ಎಂಬ ಆಜ್ಞೆಯಾಗಿ. ಥ್ರಾಟಲ್ ಕೆಳಗಿರುವಾಗ ಎಲ್ಲವೂ ಸರಿ. ಏರಿಸಿದೊಡನೆ ಆಜ್ಞೆ ಶುರು. ಟ್ರಿಮ್, ಸಬ್‌ಟ್ರಿಮ್ (ಮಧ್ಯಬಿಂದುವನ್ನು ಸರಿಸುವ ಹೊಂದಾಣಿಕೆಗಳು) ಎಲ್ಲವನ್ನೂ ಸೊನ್ನೆಗೆ ತನ್ನಿ, ಮಿಕ್ಸ್ ಆಫ್ ಮಾಡಿ.

ಆಮೇಲೆ ಬುಡದಿಂದ ಹೊಂದಿಸಿ. ಮೋಟರ್‌ನ ವೈರ್‌ಗಳನ್ನು ಕಳಚಿಯೇ ಮೇಜಿನ ಮೇಲೆ ಕೆಲಸ ಮಾಡಿ, ಬೆರಳು ನಿಮ್ಮದು. ರಡ್ಡರ್ ಸ್ಟಿಕ್ ಬಲಕ್ಕೆ ತಳ್ಳಿದಾಗ ಸ್ಲೈಡರ್ ಎತ್ತ ಹೋಗುತ್ತದೆ ಎಂದು ಗುರುತಿಟ್ಟುಕೊಳ್ಳಿ. ಅದು ಮೂತಿಯನ್ನು ಬಲಕ್ಕೆ ತಿರುಗಿಸುವ ದಿಕ್ಕಲ್ಲದಿದ್ದರೆ ತಿದ್ದುವುದು ಟ್ರಾನ್ಸ್‌ಮಿಟರ್‌ನಲ್ಲಿ. ಅನಂತರ ಸ್ಟಿಕ್ ಬಿಟ್ಟು, ಮಾದರಿಯನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಎಡಕ್ಕೆ ತಿರುಗಿಸಿ. ಸ್ಲೈಡರ್ ಆಗ ಬಲ ಸ್ಟಿಕ್ ಕೊಟ್ಟಾಗಿನ ದಿಕ್ಕಿಗೇ ಹೋಗಬೇಕು. ಹೋಗದಿದ್ದರೆ ಗೈರೊ ಮೇಲಿನ ರಿವರ್ಸ್ ಸ್ವಿಚ್ ಬದಲಿಸಿ. ಇದನ್ನು ತಪ್ಪಿಸಿಕೊಂಡು ಹಾರಿಸಲು ಹೋದರೆ ಮಾದರಿ ಬುಗುರಿಯಂತೆ ಸುತ್ತುತ್ತದೆ; ಹಿಡಿಯಲಾಗುವುದಿಲ್ಲ.

ಗೈರೊವನ್ನು ರೇಟ್ ಮೋಡ್‌ಗೆ (ತಿರುಗುವುದನ್ನು ತಡೆಯುವ, ಆದರೆ ದಿಕ್ಕು ಹಿಡಿದಿಡದ ಮೋಡ್) ಹಾಕಿ ಸರ್ವೊ ತೋಳು ಕಡ್ಡಿಗೆ 90 ಡಿಗ್ರಿ ಇರುವಂತೆ ಕೂರಿಸಿ. ಬಾಲದ ಬ್ಲೇಡ್‌ಗಳಲ್ಲಿ ಟಾರ್ಕ್ ತಡೆಯುವಷ್ಟು ಸ್ವಲ್ಪ ಪಿಚ್ (ಓರೆ ಕೋನ) ಇರಲಿ. ಲಿಮಿಟ್ ಟ್ರಿಮ್ (ಸರ್ವೊ ಎಷ್ಟು ದೂರ ತಿರುಗಬಹುದೆಂಬ ಮಿತಿ) ಹೊಂದಿಸುವಾಗ ಕಿವಿಗೊಡಿ: ಸ್ಟಿಕ್ ಪೂರ್ತಿ ತಳ್ಳಿದಾಗ ಸರ್ವೊ ಗುಂಯ್‌ಗುಟ್ಟಿದರೆ ಸ್ಲೈಡರ್ ತನ್ನ ಓಟದ ಕೊನೆ ಮುಟ್ಟಿ ಒತ್ತುತ್ತಿದೆ ಎಂದರ್ಥ. ಗಾಳಿಯಿಲ್ಲದ ಬೆಳಗ್ಗೆ ಇದೇ ಮೋಡ್‌ನಲ್ಲಿ ಹೋವರ್ ಮಾಡಿ, ಮೂತಿ ಸರಿದರೆ ಟ್ರಿಮ್ ಮುಟ್ಟದೆ ಕಡ್ಡಿಯ ಉದ್ದವನ್ನೇ ಬದಲಿಸಿ. ಇದಕ್ಕೆ ನನಗೆ ಒಂದು ಬೆಳಗ್ಗೆ ಪೂರ್ತಿ ಹಿಡಿದಿತ್ತು. ಅದಾದ ಮೇಲೆ ಹೆಡಿಂಗ್ ಹೋಲ್ಡ್. ಗೇನ್ 30ರ ಆಸುಪಾಸಿನಿಂದ ಎರಡೆರಡೇ ಅಂಕಿ ಏರಿಸಿ, ಬಾಲ ನಡುಗಿದೊಡನೆ ಮೂರು ನಾಲ್ಕು ಅಂಕಿ ಇಳಿಸಿ. ರೋಟರ್ ವೇಗ ಹೆಚ್ಚಿಸಿ ಹಾರಿಸುವಾಗ ಗೇನ್ ಇನ್ನೂ ಕಡಿಮೆ ಬೇಕಾಗುತ್ತದೆ.

ಗೈರೊ ಮೇಲಿನ ಡಿಎಸ್ ಸ್ವಿಚ್ಚನ್ನೂ ನೋಡಿಬಿಡಿ. ನಿಮ್ಮ ಸರ್ವೊ ಡಿಜಿಟಲ್, ಹಾಗಾಗಿ ಅದು ಆನ್ ಇರಬೇಕು. ಮುಂದೆಂದಾದರೂ ಅನಲಾಗ್ ಸರ್ವೊ ಹಾಕಿದರೆ ಮರೆಯದೆ ಆಫ್ ಮಾಡಿ, ಇಲ್ಲವಾದರೆ ಸರ್ವೊ ಸುಟ್ಟುಹೋಗುತ್ತದೆ.

ಎರಡನೆಯ ಉತ್ತರ:

ಮೇಲಿನವರು ಹೇಳಿದ್ದು ಸರಿ. ನಾನು ಹಾರಿಸುವುದು ಬಳ್ಳಾರಿ ಕಡೆಯ ಬಯಲಿನಲ್ಲಿ, ಅಲ್ಲಿ ಕಂಡ ಎರಡು ಸಂಗತಿ ಸೇರಿಸುತ್ತೇನೆ. ಏಸಿ ಹಾಕಿದ ಕಾರಿನಿಂದ ಇಳಿಸಿದ ಮಾದರಿಯನ್ನು ಬಿಸಿಲಿನಲ್ಲಿ ತಕ್ಷಣ ಹಾರಿಸಿದರೆ ಮೂತಿ ಮೆಲ್ಲಗೆ ಸರಿಯತೊಡಗುತ್ತದೆ. ಹಳೆಯ ಗೈರೊಗಳಿಗೆ ತಾಪಮಾನದ ಬದಲಾವಣೆ ಆಗಿಬರುವುದಿಲ್ಲ. ಕಾಲು ಗಂಟೆ ಹೊರಗಿಟ್ಟು ಆಮೇಲೆ ಬ್ಯಾಟರಿ ಜೋಡಿಸಿ. ಜೋಡಿಸಿದ ಮೇಲೆ ಕೆಲವು ಸೆಕೆಂಡ್ ಮಾದರಿಯನ್ನು ಮುಟ್ಟಲೇಬೇಡಿ, ಗೈರೊ ಆಗ ತನ್ನ ಸೊನ್ನೆಯನ್ನು ಗುರುತಿಸಿಕೊಳ್ಳುತ್ತಿರುತ್ತದೆ.

ಇನ್ನೊಂದು, ಬಾಲದ ರೋಟರ್ ತಿರುಗಿಸುವ ಬೆಲ್ಟ್. ಬೇಸಿಗೆಯ ಒಣ ಹವೆಯಲ್ಲಿ ಬೆಲ್ಟ್ ಉಜ್ಜಿ ಬಾಲದ ಕೊಳವೆಯಲ್ಲಿ ಸ್ಥಾಯಿ ವಿದ್ಯುತ್ ತುಂಬಿಕೊಳ್ಳುತ್ತದೆ. ಒಂದು ಸಂಜೆ ಕತ್ತಲಾಗುವಾಗ ಕೊಳವೆಯಿಂದ ಚೌಕಟ್ಟಿನ ತಿರುಪಿಗೆ ನೀಲಿ ಕಿಡಿ ಹಾರಿದ್ದನ್ನು ಕಣ್ಣಾರೆ ಕಂಡೆ. ಅದೇ ಕ್ಷಣ ಬಾಲ ಝಾಡಿಸಿತು. ಕೊಳವೆಯಿಂದ ಮೋಟರ್ ಕೂರುವ ಲೋಹದ ತುಂಡಿಗೆ ಒಂದು ತೆಳು ತಂತಿ ಎಳೆದೆ, ಮತ್ತೆ ಹಾಗಾಗಿಲ್ಲ.

ಕೇಳಿದವರು:

ಇಬ್ಬರಿಗೂ ವಂದನೆಗಳು. ರೆವಲ್ಯೂಷನ್ ಮಿಕ್ಸ್ ಆನ್ ಇತ್ತು, ಸ್ನೇಹಿತರ ಹಳೆಯ ಮಾದರಿಗೆಂದು ಹಾಕಿದ್ದು ಹಾಗೆಯೇ ಉಳಿದಿತ್ತು. ಅದನ್ನು ಆಫ್ ಮಾಡಿ, ಬಾಲ್ ಅನ್ನು ಒಂದು ರಂಧ್ರ ಒಳಕ್ಕೆ ಸರಿಸಿ, ಇಂದು ಬೆಳಗ್ಗೆ ರೇಟ್ ಮೋಡ್‌ನಿಂದಲೇ ಶುರು ಮಾಡಿದೆ. ಹೆಡಿಂಗ್ ಹೋಲ್ಡ್‌ನಲ್ಲಿ ಗೇನ್ 34ಕ್ಕೆ ಮೂತಿ ಇಟ್ಟಲ್ಲೇ ನಿಂತಿತು. 38ಕ್ಕೆ ಏರಿಸಿದರೆ ಇನ್ನೂ ನಡುಗುತ್ತದೆ; ನಾಳೆ ಸ್ಲೈಡರ್ ಬಿಚ್ಚಿ ನೋಡುತ್ತೇನೆ.