ಸ್ಟೇಷನ್ ಹೊರಗ ಮಲಗೋ ಅಜ್ಜಾರ ಕೆಮ್ಮು: ಡಾಕ್ಟರ್ ಮೇಡಂಗೆ ಒಂದು ಪ್ರಶ್ನೆ

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ನಮಸ್ಕಾರ್ರೀ. ನಾವು ನಾಲ್ಕು ಮಂದಿ ಗೆಳೆಯರು ವಾರಕ್ಕೆರಡು ರಾತ್ರಿ ರೈಲ್ವೆ ಸ್ಟೇಷನ್ ಹೊರಗ ಮಲಗೋರಿಗೆ ಊಟ ಕೊಡ್ತೀವಿ. ಅಲ್ಲೊಬ್ಬ ಅಜ್ಜಾರು ಮೂರು ವಾರದಿಂದ ಕೆಮ್ಮಾಕತ್ಯಾರ. ನಿನ್ನೆ ಕಫದಾಗ ರಕ್ತದ ಎಳಿ ಕಂಡ್ವು. ಬಾಳ ಸೊರಗ್ಯಾರ. ಆಧಾರ್ ಕಾರ್ಡ್ ಕಳಕೊಂಡಾರಂತ. ದವಾಖಾನಿಗೆ ಹೋಗೂನು ಬರ್ರಿ ಅಂದ್ರ "ನನ್ನ ಗಂಟು ಯಾರು ಕಾಯ್ತಾರೋ ತಮ್ಮಾ" ಅಂತಾರ. ಟಿ.ಬಿ. ಇರಬಹುದೇನ್ರಿ? ಅವರ ತಾಟು ಬ್ಯಾರೆ ಇಡಬೇಕೇನು?

ಡಾಕ್ಟರ್: ತಮ್ಮಾ, ತಾಟಿನ ಚಿಂತಿ ಮೊದಲು ಬಿಡ್ರಿ. ಕ್ಷಯ ಎಂಜಲದಿಂದ ಹರಡೂದಿಲ್ಲ, ಕೆಮ್ಮಿದಾಗ ಗಾಳಿಗೆ ಸೇರೋ ಹನಿಯಿಂದ ಹರಡತೈತಿ. ಬಯಲಾಗ ಕುಂತು ಮಾತಾಡ್ರಿ, ಅವರಿಗೊಂದು ಮಾಸ್ಕ್ ಕೊಡ್ರಿ, ಊಟ ನಿಲ್ಲಿಸಬ್ಯಾಡ್ರಿ.

ಎರಡು ವಾರ ದಾಟಿದ ಕೆಮ್ಮು, ರಕ್ತ, ಸೊರಗಿದ ಮೈ: ಪರೀಕ್ಷೆ ಮಾಡಿಸಾಕ ಇಷ್ಟು ಸಾಕು. ಗಂಟಿನ ಮಾತು ನೆಪ ಅಲ್ಲ. ಬೀದಿಯಾಗ ಇರೋರಿಗೆ ಆ ಗಂಟೇ ಮನಿ. ಅದಕ್ಕ ನಿಮ್ಮಾಗ ಒಬ್ರು ಗಂಟಿನ ಹತ್ರ ಕೂಡ್ರಿ, ಇನ್ನೊಬ್ರು ಅಜ್ಜಾರನ್ನ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕ ಕರಕೊಂಡು ಹೋಗ್ರಿ. ಅಲ್ಲೇ ಒಂದು ಕಫ ಕೊಡಬೇಕು, ಮರುದಿನ ಎದ್ದಕೂಡ್ಲೆ ಇನ್ನೊಂದು. ಉಗುಳು ಬ್ಯಾಡ, ಎದಿಯೊಳಗಿಂದ ಕೆಮ್ಮಿ ತಂದದ್ದು ಬೇಕು. ಪರೀಕ್ಷೆನೂ ಗುಳಿಗಿನೂ ಪುಕ್ಕಟೆ. ಬಾಯಿತುಂಬ ರಕ್ತ ಬಂದ್ರ ಮಾತ್ರ ಕಾಯಬ್ಯಾಡ್ರಿ, 108ಕ್ಕ ಫೋನ್ ಮಾಡಿ ಹುಬ್ಬಳ್ಳಿಯ ದೊಡ್ಡ ಸರಕಾರಿ ದವಾಖಾನಿ ಕಿಮ್ಸ್‌ಗೆ ಒಯ್ರಿ.

ಪ್ರಶ್ನೆ ಕೇಳಿದವರು: ಟಿ.ಬಿ. ಅಂತ ಬಂದ್ರ ತಿಂಗಳಗಟ್ಲೆ ಅಡ್ಮಿಟ್ ಮಾಡ್ತಾರೇನ್ರಿ?

ಡಾಕ್ಟರ್: ಹೆಚ್ಚಿನವರಿಗೆ ಬೇಕಾಗೂದಿಲ್ಲ. ಸಾಮಾನ್ಯ ಕ್ಷಯಕ್ಕ ತೂಕ ನೋಡಿ ದಿನಾ ಗುಳಿಗಿ, 6 ತಿಂಗಳು. ಮನ್ಯಾಗ ಇರೋರು ಗೂಡಿನ್ಯಾಗ ಇಟ್ಟು ನುಂಗ್ತಾರ. ಇವರದು ಮಳಿಗೆ ತೋಯತೈತಿ, ರಾತ್ರಿ ಕಳುವಾಗತೈತಿ. ಬೀದಿಯಾಗ ಔಷಧ ತಪ್ಪೂದು ಹಿಂಗ, ಹಟದಿಂದ ಅಲ್ಲ. ಅವರು ದಿನಾ ಚಾ ಕುಡಿಯೋ ಅಂಗಡಿಯವರನ್ನ ಕೇಳ್ರಿ. ಗುಳಿಗಿ ಅವರ ಹತ್ರ ಇರಲಿ, ದಿನಾ ಅವರ ಕಣ್ಣಮುಂದ ನುಂಗಲಿ.

ಇನ್ನೊಂದು ಮರೀಬ್ಯಾಡ್ರಿ. ಈ ಗುಳಿಗಿಗೆ ಮೂತ್ರ ಕೇಸರಿ ಬಣ್ಣ ಆಗತೈತಿ. ಮೊದಲೇ ಹೇಳದಿದ್ರ ರಕ್ತ ಅಂತ ಅಂಜಿ ಬಿಟ್ಟುಬಿಡ್ತಾರ. ಕಣ್ಣು ಹಳದಿ ಆದ್ರ, ವಾಂತಿ ನಿಲ್ಲದಿದ್ರ ಅವತ್ತೇ ಡಾಕ್ಟರಿಗೆ ತೋರಸ್ರಿ. ಕುಡಿಯೋ ಚಟ ಇದ್ರ ಮುಚ್ಚಿಡದೆ ಹೇಳಲಿ, ನಾವು ಬೈಯೂದಿಲ್ಲ. ಎಚ್‌ಐವಿ, ಸಕ್ಕರಿ ಪರೀಕ್ಷೆನೂ ಕೂಡೇ ಮಾಡ್ತಾರ.

ಊಟಕ್ಕ ತಿಂಗಳಿಗೆ 1000 ರೂಪಾಯಿ ಸರಕಾರ ಕೊಡತೈತಿ, 2024ರ ನವೆಂಬರ್‌ಕ್ಕಿಂತ ಮೊದಲು 500 ಇತ್ತು. ಅದು ಬ್ಯಾಂಕ್ ಖಾತೆಗೆ ಬರತೈತಿ. ಆ ಕಾಗದದ ಓಡಾಟ ಆಮ್ಯಾಲೆ ಮಾಡ್ರಿ, ಅದಕ್ಕಂತ ಗುಳಿಗಿ ತಡ ಮಾಡಬ್ಯಾಡ್ರಿ.

ಗದಗಿನಿಂದ ಒಬ್ಬ ಅಕ್ಕಾರು: ಮೇಡಂ, ನಮ್ಮ ಕಡೆ ಒಂದೇ ಕೌದಿ ಹೊದ್ದು ಮಲಗೋ ಮೂರು ಮಂದಿಗೂ ಬೆರಳ ಸಂದ್ಯಾಗ ತುರಿಕಿ, ರಾತ್ರಿ ನಿದ್ದಿ ಇಲ್ಲ.

ಡಾಕ್ಟರ್: ಕಜ್ಜಿ ಇದ್ದಂಗ ಕಾಣತೈತಿ ಅಕ್ಕಾರ. ತೋರಿಸಿ ಮುಲಾಮು ತಗೋರಿ. ಮೂವರೂ ಒಂದೇ ರಾತ್ರಿ ಕುತ್ತಿಗಿಯಿಂದ ಪಾದದ ತನಕ ಹಚ್ಚಬೇಕು, ವಾರದ ಮ್ಯಾಲೆ ಇನ್ನೊಮ್ಮೆ. ಕೌದಿ ಒಗಿಯಾಕ ಬಿಸಿನೀರು ಸಿಗದಿದ್ರ ಪ್ಲಾಸ್ಟಿಕ್ ಚೀಲದಾಗ ಬಿಗಿಯಾಗಿ ಕಟ್ಟಿ ನಾಲ್ಕು ದಿನ ಇಡ್ರಿ, ಹುಳ ಸಾಯತಾವ. ಆ ನಾಲ್ಕು ದಿನಕ್ಕ ಬ್ಯಾರೆ ಚಾದರ ಮೊದಲು ಕೈಯಾಗ ಕೊಟ್ಟು, ಆಮ್ಯಾಲೆ ಕೌದಿ ಕೇಳ್ರಿ.

ಪ್ರಶ್ನೆ ಕೇಳಿದವರು: ಚಾ ಅಂಗಡಿ ಕಾಕಾ ಒಪ್ಯಾರ್ರೀ. ಗಂಟನ್ನೂ ಅವರ ಕಟ್ಟಿ ಕೆಳಗ ಇಟ್ಕೋತಾರಂತ. ನಾಳೆ ಮುಂಜಾನೆ ಹೊಂಟೀವಿ.